ದುಡಿಮೆಯೂ ಹುಟ್ಟುವಳಿಯೂ
(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಉದ್ಯೋಗಗಳನ್ನು ಕುರಿತು)

ನಿಮ್ಮ ಮನೆಯ ಬೀಸುಕಲ್ಲು ಈಗ ಎಲ್ಲಿದೆ ಎಂಬುದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಹಿತ್ತಲಿನ ಗೋಡೆಗೆ ಒರಗಿ ನಿಂತಿರಬಹುದು. ಮದುವೆಯ ಮನೆಯಲ್ಲಿ ಪೂಜೆಗೆಂದು ಮಾತ್ರ ಹೊರಗೆ ಬರುತ್ತಿರಬಹುದು. ನಮ್ಮ ತಾಯಂದಿರು ಕೋಳಿ ಕೂಗುವ ಹೊತ್ತಿಗೆ ಎದ್ದು, ಹಾಡು ಹೇಳುತ್ತ ತಾಸುಗಟ್ಟಲೆ ಬೀಸಿ ತೆಗೆಯುತ್ತಿದ್ದ ಜೋಳದ ಹಿಟ್ಟನ್ನು ಈಗ ಓಣಿಯ ಗಿರಣಿ ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ. ಜೋಳ ಅದೇ, ಹಿಟ್ಟೂ ಅದೇ. ಬದಲಾದದ್ದು ಅದಕ್ಕೆ ತಗಲುವ ಮನುಷ್ಯನ ದುಡಿಮೆ. ಇಷ್ಟು ದುಡಿಮೆಗೆ ಇಷ್ಟು ಹುಟ್ಟುವಳಿ ಎಂಬ ಈ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞರು ‘ಉತ್ಪಾದಕತೆ’ ಎಂದು ಹೆಸರಿಟ್ಟಿದ್ದಾರೆ.

ಕನ್ನಡ ಕಲಿಸುವ ಮಾಸ್ತರನಿಗೆ ಈ ಲೆಕ್ಕದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉತ್ತರ ನನ್ನ ಹಾಜರಿ ಪುಸ್ತಕದಲ್ಲಿದೆ. ದೀಪಾವಳಿಯ ತರುವಾಯ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟಿ ಬೀಳುತ್ತದೆ. ತಂದೆತಾಯಿಗಳು ಗುಳೆ ಹೊರಟಾಗ ಮಕ್ಕಳೂ ಗಂಟುಮೂಟೆಯೊಂದಿಗೆ ಗೋವೆಗೋ ಪುಣೆಗೋ ಹೋಗುತ್ತಾರೆ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕುವುದರಲ್ಲಿ ತರಗತಿಗೇ ಮೊದಲಿಗನಾಗಿದ್ದ ಒಬ್ಬ ಹುಡುಗ ಹಾಗೆಯೇ ಹೋಗಿ, ಯುಗಾದಿಯ ಹೊತ್ತಿಗೆ ಅಂಗೈಯಲ್ಲಿ ದಡ್ಡುಗಳೊಡನೆ ಮರಳಿ ಬಂದ. ಅವನು ನನ್ನನ್ನು ಕೇಳಿದ: “ಸರ, ಅಲ್ಲಿ ಅದೇ ಬುಟ್ಟಿ, ಅದೇ ಮಣ್ಣು ಹೊತ್ತರ ಇಲ್ಲಿಯ ಎರಡು ದಿನದ ಪಗಾರ ಒಂದ ದಿನಕ್ಕ ಕೊಡ್ತಾರ್ರಿ. ಯಾಕ್ರಿ?” ವ್ಯಾಕರಣದ ಪ್ರಶ್ನೆಯಾಗಿದ್ದರೆ ಅಲ್ಲಿಯೇ ಉತ್ತರ ಹೇಳುತ್ತಿದ್ದೆ. ಇದಕ್ಕೆ ಉತ್ತರ ಹುಡುಕಲು ಪುಸ್ತಕಗಳನ್ನೂ ಊರುಗಳನ್ನೂ ಎರಡನ್ನೂ ಓದಬೇಕಾಯಿತು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಶಬ್ದದ ಅರ್ಥ. ‘ಉತ್ಪಾದನೆ’ ಎಂದರೆ ಹುಟ್ಟಿಸುವ ಕ್ರಿಯೆ. ‘ಉತ್ಪಾದಕ’ ಎಂದರೆ ಹುಟ್ಟಿಸುವವನು. ಅದಕ್ಕೆ ಭಾವವಾಚಕ ಪ್ರತ್ಯಯ ಸೇರಿ ‘ಉತ್ಪಾದಕತೆ’ ಆಗಿದೆ. ಉತ್ಪಾದನೆಯೂ ಉತ್ಪಾದಕತೆಯೂ ಒಂದೇ ಅಲ್ಲ. ಅಣ್ಣನು ಎಂಟು ಎಕರೆಯಲ್ಲಿ ಇಪ್ಪತ್ತು ಚೀಲ ಜೋಳ ಬೆಳೆದ, ತಮ್ಮನು ನಾಲ್ಕು ಎಕರೆಯಲ್ಲಿ ಹದಿನೈದು ಚೀಲ ಬೆಳೆದ ಎನ್ನೋಣ. ಹುಟ್ಟುವಳಿ ಅಣ್ಣನದು ಹೆಚ್ಚು. ಎಕರೆಯ ಲೆಕ್ಕದ ಉತ್ಪಾದಕತೆ ತಮ್ಮನದು ಹೆಚ್ಚು. ಆದರೆ ತಮ್ಮನ ಹೊಲದಲ್ಲಿ ಮೂರು ಪಟ್ಟು ಆಳುಗಳು ದುಡಿದಿದ್ದರೆ, ಆಳಿನ ಲೆಕ್ಕದಲ್ಲಿ ಅಣ್ಣನೇ ಮುಂದಾಗುತ್ತಾನೆ. ಆದುದರಿಂದ ಈ ಮಾತು ಬಂದಾಗಲೆಲ್ಲ ‘ಯಾವುದರ ಲೆಕ್ಕದಲ್ಲಿ?’ ಎಂದು ಕೇಳಲೇಬೇಕು. ಭೂಮಿಯದೊಂದು ಲೆಕ್ಕ, ಕೈಯದೊಂದು ಲೆಕ್ಕ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನಷ್ಟೇ ನಂಬಿದ ನಮ್ಮ ಸೀಮೆಯಲ್ಲಿ ನೀರಿನ ಲೆಕ್ಕ ಎಲ್ಲಕ್ಕಿಂತ ದೊಡ್ಡದು.

ಇನ್ನು ಸೀಮೆಯ ಪರಿಚಯ. 2014ರ ನವೆಂಬರ್ 1ರಿಂದ ವಿಜಾಪುರ ಜಿಲ್ಲೆ ವಿಜಯಪುರವೆಂದು ಕರೆಯಿಸಿಕೊಳ್ಳುತ್ತಿದೆ. 2018ರ ಸುಮಾರಿಗೆ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳು ಹುಟ್ಟಿದವು. ನಾನಿಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದಾಗ ಅವುಗಳ ಹಳೆಯ ಮೇರೆಯನ್ನೇ ಹಿಡಿದು ಹೇಳುತ್ತಿದ್ದೇನೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ದಂಡೆಯ ಎರೆಭೂಮಿಯ ಜೋಳಕ್ಕೆ ದೂರದವರೆಗೆ ಹೆಸರಿದೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯೂ ಇಲ್ಲಿಯೇ ಇದೆ. ಕಾಯಕಕ್ಕೆ ಪೂಜೆಯ ಬೆಲೆ ಕಟ್ಟಿದ ಮಹಾಪುರುಷರ ನಾಡಿನಲ್ಲಿ ಕಾಯಕ ಹುಡುಕಿಕೊಂಡು ಜನ ಊರು ಬಿಡುವುದು ನಾವೆಲ್ಲ ಯೋಚಿಸಬೇಕಾದ ಸಂಗತಿಯಲ್ಲವೇ?

ಪ್ರಾದೇಶಿಕ ಅಸಮತೆಯನ್ನು ಪರಿಶೀಲಿಸಲು ಸರಕಾರ ನೇಮಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅಂದಿನ 175 ತಾಲೂಕುಗಳನ್ನು ಬೇಸಾಯ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಿಕ್ಷಣ, ಆರೋಗ್ಯ ಮುಂತಾದ 35 ಅಳತೆಗಳಿಂದ ತೂಗಿ, 114 ತಾಲೂಕುಗಳು ಹಿಂದುಳಿದಿವೆ ಎಂದು ಸಮಿತಿ ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಈ ನಾಲ್ಕೂ ತಾಲೂಕುಗಳು ಹಿಂದುಳಿದವುಗಳ ಸಾಲಿನಲ್ಲಿಯೇ ನಿಂತವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಹಣದ ಮಾತು ಹಾಗಿರಲಿ. ಒಂದೇ ಸೀಮೆಯೊಳಗೆ ಒಂದು ಉದ್ಯೋಗಕ್ಕೂ ಇನ್ನೊಂದಕ್ಕೂ ನಡುವೆ ಇರುವ ಕಂದರವನ್ನು ನೋಡಿದರೆ ಹಿಂದುಳಿಯುವಿಕೆಯ ಮೂಲ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಬಾಗೇವಾಡಿ ಸೀಮೆಯನ್ನೇ ತೆಗೆದುಕೊಳ್ಳಿರಿ. ಅಲ್ಲಿ ಆಲಮಟ್ಟಿಯ ಅಣೆಕಟ್ಟು ಇದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಅದರ ಬುಡದಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಮನೆ. ಹತ್ತಿರದ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟಿಗೆ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ. ಅಲ್ಲಿ ಯಂತ್ರದ ಮುಂದೆ ಕುಳಿತ ಒಬ್ಬನ ಒಂದು ಪಾಳಿಯ ದುಡಿಮೆಗೆ ಎಷ್ಟೋ ಊರುಗಳು ಬೆಳಗುತ್ತವೆ. ಅದೇ ಸ್ಥಾವರದ ಬೇಲಿಯಾಚೆ ಒಂದು ಕುಟುಂಬ ನಾಲ್ಕು ತಿಂಗಳು ಬಗ್ಗಿ ದುಡಿದು, ಮಳೆ ಕೈಕೊಟ್ಟರೆ ಬಿತ್ತಿದ ಬೀಜವನ್ನೂ ಮರಳಿ ಕಾಣುವುದಿಲ್ಲ. ಒಬ್ಬರ ಉತ್ಪಾದಕತೆ ಆಕಾಶದಲ್ಲಿ, ಇನ್ನೊಬ್ಬರದು ಪಾತಾಳದಲ್ಲಿ. ನಡುವೆ ಒಂದು ಬೇಲಿ ಮಾತ್ರ.

ಹಾಗಾದರೆ ಹೊಲದವರೆಲ್ಲ ಸ್ಥಾವರಕ್ಕೆ ಹೋಗಿ ದುಡಿಯಬಾರದೇ? ಗಂಟು ಇರುವುದು ಇಲ್ಲಿಯೇ. ಅತಿ ದೊಡ್ಡ ಯಂತ್ರದ ಗುಣವೆಂದರೆ ಅದಕ್ಕೆ ಕೈಗಳು ಕಡಿಮೆ ಬೇಕು. ಯಾವ ಉದ್ಯೋಗದಲ್ಲಿ ಉತ್ಪಾದಕತೆ ಎಲ್ಲಕ್ಕಿಂತ ಹೆಚ್ಚೋ ಅಲ್ಲಿ ಜಾಗ ಎಲ್ಲಕ್ಕಿಂತ ಕಡಿಮೆ. ಮನೆಯ ಅಟ್ಟ ಎತ್ತರದಲ್ಲಿದೆ, ನಾವು ನೆಲದ ಮೇಲಿದ್ದೇವೆ. ಏಣಿಗೆ ಮೇಲಿನದೊಂದು ಮೆಟ್ಟಿಲು, ಕೆಳಗಿನದೊಂದು ಮೆಟ್ಟಿಲು ಇದ್ದು ನಡುವಿನವು ಇಲ್ಲದಿದ್ದರೆ ಹತ್ತುವುದೆಂತು? ಹೊಲಕ್ಕೂ ದೊಡ್ಡ ಸ್ಥಾವರಕ್ಕೂ ನಡುವೆ ಇರಬೇಕಾದ ಮೆಟ್ಟಿಲುಗಳೆಂದರೆ ಬೇಳೆಯ ಗಿರಣಿ, ಎಣ್ಣೆಯ ಗಾಣ, ಹತ್ತಿಯ ಜಿನ್ನು, ಹಣ್ಣಿನ ಸಂಸ್ಕರಣೆ, ಯಂತ್ರ ರಿಪೇರಿಯ ಅಂಗಡಿ. ಇವು ಹತ್ತಾರು ಕೈಗಳನ್ನು ಬೇಡುತ್ತವೆ; ಕೈಯೊಂದಕ್ಕೆ ಹೊಲಕ್ಕಿಂತ ಹೆಚ್ಚು ಹುಟ್ಟುವಳಿಯನ್ನೂ ಕೊಡುತ್ತವೆ.

ಬೇಳೆಯ ಮಾತನ್ನೇ ವಿವರಿಸುತ್ತೇನೆ, ಏಕೆಂದರೆ ಅದು ನಿತ್ಯವೂ ನಿಮ್ಮ ಒಲೆಯ ಮೇಲೆ ಕುದಿಯುವ ಪದಾರ್ಥ. ಈಚಿನ ದಶಕಗಳಲ್ಲಿ ಸಿಂದಗಿ, ಇಂಡಿ, ಬಾಗೇವಾಡಿಗಳ ಹೊಲಗಳಲ್ಲಿ ತೊಗರಿ ಬಹಳ ಹಬ್ಬಿದೆ. ತೊಗರಿಯ ಕಾಳಿಗೂ ಸಿಪ್ಪೆಗೂ ನಡುವೆ ಅಂಟಿನ ತೆಳುವಾದ ಪದರವಿದೆ. ಆ ಅಂಟು ಬಿಡದೆ ಸಿಪ್ಪೆ ಬಿಡದು. ಎಂತಲೇ ಹಿರಿಯರು ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಬಿಸಿಲಿಗೆ ಹರವಿ, ಬಳಿಕ ಒಡೆಯುತ್ತಿದ್ದರು. ನೂರು ಕಿಲೋ ತೊಗರಿಯಲ್ಲಿ ಸಿಪ್ಪೆ ಹದಿನೈದು ಕಿಲೋದ ಆಸುಪಾಸು. ಅಂದಮೇಲೆ ಎಂಬತ್ತಕ್ಕೂ ಮಿಕ್ಕಿ ಬೇಳೆ ಬರಬೇಕು. ಹಳೆಯ ಪದ್ಧತಿಯಲ್ಲಿ ನುಚ್ಚು, ಪುಡಿ ಎಂದು ಹೋಗಿ ಎಪ್ಪತ್ತು ಕಿಲೋ ಮುಟ್ಟುವುದೂ ಕಷ್ಟ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಬಿಸಿಲಿಗೆ ಬದಲಾಗಿ ಬಿಸಿಗಾಳಿಯಿಂದ ಸಿಪ್ಪೆಯನ್ನು ಸಡಿಲಿಸುವ ಪದ್ಧತಿಯನ್ನು ಕಂಡುಹಿಡಿದರು. ಸಣ್ಣ ಊರಿಗೆ ಒಪ್ಪುವ ಕಿರು ಬೇಳೆ ಯಂತ್ರವನ್ನೂ ಮಾಡಿದರು. ಇದರಿಂದ ಬೇಳೆ ಎಪ್ಪತ್ತೈದರ ಮೇಲಕ್ಕೆ ಏರುತ್ತದೆ, ಮೋಡದ ದಿನವೂ ಕೆಲಸ ನಿಲ್ಲುವುದಿಲ್ಲ. ಕ್ವಿಂಟಲಿಗೆ ಐದಾರು ಕಿಲೋ ಬೇಳೆ ಉಳಿಯಿತೆಂದರೆ ಒಂದು ಗುಂಟೆ ನೆಲವನ್ನೂ ಹೆಚ್ಚಿಗೆ ಬಿತ್ತದೆ ಬೆಳೆ ಹೆಚ್ಚಿದಂತೆಯೇ ಅಲ್ಲವೇ? ಇದಕ್ಕೇ ಹೊಸ ಹಂಚಿಕೆ ಎನ್ನುವುದು. ವಿದ್ವಾಂಸರ ಮಾತಿನಲ್ಲಿ ನಾವೀನ್ಯ.

ಆದರೂ ಈ ಸೀಮೆಯ ತೊಗರಿಯಲ್ಲಿ ಬಹುಪಾಲು ಕಾಳಾಗಿಯೇ ಲಾರಿ ಏರಿ ಬೇರೆ ಊರಿನಲ್ಲಿ ಬೇಳೆಯಾಗುತ್ತದೆ. ಒಡೆಯುವ ಕೂಲಿ, ನುಚ್ಚು, ದನಕ್ಕೆ ಹಾಕುವ ಹೊಟ್ಟು ಎಲ್ಲವೂ ಆ ಊರಿನ ಪಾಲು. ನಮ್ಮ ಪೇಟೆಯಲ್ಲಿ ಅದೇ ಬೇಳೆಯನ್ನು ನಾವು ಪೊಟ್ಟಣದಲ್ಲಿ ಕೊಳ್ಳುತ್ತೇವೆ.

ಇಂಡಿಯ ಲಿಂಬೆಯ ಕಥೆ ಇದಕ್ಕಿಂತ ಸ್ವಲ್ಪ ಮುಂದೆ ಹೋಗಿದೆ. ತೆಳು ಸಿಪ್ಪೆಯ, ರಸತುಂಬಿದ ಈ ಹಣ್ಣಿಗೆ ಈಚಿನ ವರ್ಷಗಳಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ. 2025ರಲ್ಲಿ ಇಲ್ಲಿಯ ಲಿಂಬೆ ಅರಬ್ಬರ ಸಂಯುಕ್ತ ಸಂಸ್ಥಾನಕ್ಕೂ ಹೋಯಿತು. ಲಿಂಬೆಯ ಗಿಡ ವರ್ಷಕ್ಕೆ ಮೂರು ಸಲ ಹೂ ಬಿಡುತ್ತದೆ. ಬೇಸಗೆಯಲ್ಲಿ ಲಿಂಬೆಗೆ ಬೆಲೆ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಆಗ ಕಾಯಿ ಕೊಡುವ, ಹಸ್ತ ಮಳೆಯ ಕಾಲದ ಹೂವೇ ಮೂರರಲ್ಲಿ ಅತಿ ಕಡಿಮೆ. ನೀರನ್ನು ಲೆಕ್ಕ ಹಿಡಿದು ಕೆಲವು ವಾರ ತಡೆದು, ಗಿಡವನ್ನು ತುಸು ಬಾಡಿಸಿ, ಮತ್ತೆ ನೀರು ಗೊಬ್ಬರ ಕೊಟ್ಟು, ಬೇಕಾದ ಹೊತ್ತಿಗೆ ಹೂ ಬಿಡಿಸುವ ವಿದ್ಯೆಯನ್ನು ತೋಟಗಾರಿಕೆಯ ಪಂಡಿತರೂ ಅನುಭವಿಕ ಬೆಳೆಗಾರರೂ ಬೆಳೆಸಿದ್ದಾರೆ. ಇಲ್ಲಿ ಹೊಸ ಯಂತ್ರವಿಲ್ಲ, ಕಟ್ಟಡವಿಲ್ಲ, ತಿಳಿವಳಿಕೆ ಮಾತ್ರ. ಗಿಡ ಅದೇ, ನೀರು ಕಡಿಮೆ, ಬೆಲೆ ಹೆಚ್ಚು. ಹೀಗಿದ್ದೂ ಮಳೆಗಾಲದಲ್ಲಿ ಕಾಯಿ ಒಮ್ಮೆಲೇ ಪೇಟೆಗೆ ನುಗ್ಗಿದಾಗ ಚೀಲದ ಬೆಲೆಯೂ ಹುಟ್ಟದೆ ಬೆಳೆಗಾರ ತಲೆಯ ಮೇಲೆ ಕೈ ಹೊತ್ತು ಕೂಡುವುದುಂಟು. ಆ ದಿನ ಬೇಕಾಗುವುದು ರಸ ತೆಗೆದು ಇಡುವ, ಉಪ್ಪಿನಕಾಯಿ ಹಾಕುವ, ತಂಪಿನಲ್ಲಿ ಕಾಪಾಡುವ ನಡುವಿನ ಮೆಟ್ಟಿಲು.

ಚಡಚಣದ ಕಡೆಯ ದ್ರಾಕ್ಷಿ ಬೆಳೆಗಾರರು ಆ ಮೆಟ್ಟಿಲನ್ನು ತಾವೇ ಕಟ್ಟಿಕೊಂಡರು. ದ್ರಾಕ್ಷಿಯ ಮೈಮೇಲೆ ಮೇಣದಂಥ ಪೊರೆ ಇರುತ್ತದೆ. ಒಳಗಿನ ನೀರನ್ನು ಅದು ಹೊರಬಿಡಗೊಡುವುದಿಲ್ಲ. ಪೊಟ್ಯಾಶಿಯಮ್ ಕಾರ್ಬೊನೇಟನ್ನೂ ಒಂದು ಬಗೆಯ ಎಣ್ಣೆಯನ್ನೂ ನೀರಿಗೆ ಬೆರೆಸಿ ಗೊಂಚಲನ್ನು ಅದ್ದಿ ತೆಗೆದರೆ ಪೊರೆ ಸಡಿಲುತ್ತದೆ. ನೆರಳಿನ ಚಪ್ಪರದ ಅಂತಸ್ತುಗಳ ಮೇಲೆ ಹರವಿದ ಹಣ್ಣು ಬೇಗನೆ ಒಣಗಿ ಬಣ್ಣಗೆಡದೆ ಒಣದ್ರಾಕ್ಷಿಯಾಗುತ್ತದೆ. ಆಸ್ಟ್ರೇಲಿಯದ ಈ ಪದ್ಧತಿ ಮಹಾರಾಷ್ಟ್ರದ ನೆರೆಹೊರೆಯಿಂದ ಇಲ್ಲಿಗೂ ಹಬ್ಬಿತು. ನಾಲ್ಕು ಕಿಲೋ ಹಸಿಯ ಹಣ್ಣು ಒಂದು ಕಿಲೋ ಆಗುತ್ತದೆ ನಿಜ. ಆದರೆ ಎರಡು ದಿನಕ್ಕೆ ಕೆಡುವ ಸರಕು ತಿಂಗಳುಗಟ್ಟಲೆ ಬೆಲೆಗಾಗಿ ಕಾಯಬಲ್ಲ ಸರಕಾಗುತ್ತದೆ; ಅದ್ದುವ, ಹರವುವ, ತೊಟ್ಟು ಬಿಡಿಸುವ, ಆರಿಸುವ ಕೆಲಸ ಊರಿನ ಹೆಣ್ಣುಮಕ್ಕಳಿಗೆ ಊರಿನಲ್ಲಿಯೇ ಸಿಗುತ್ತದೆ.

ನೀರು ಬಂದ ಕಡೆಗೆ ಕಬ್ಬೂ ಬಂದಿದೆ. ಇಂಡಿ, ಸಿಂದಗಿಗಳ ಸೀಮೆಯಲ್ಲಿ ಸಕ್ಕರೆಯ ಕಾರಖಾನೆಗಳು ಎದ್ದಿವೆ. ನೂರು ಕಿಲೋ ಕಬ್ಬಿನಿಂದ ಸಕ್ಕರೆ ಹತ್ತು ಕಿಲೋದ ಸುಮಾರು. ಸಿಪ್ಪೆ ಮೂವತ್ತು ಕಿಲೋದ ಹತ್ತಿರ. ಹಿಂದೆ ಬರಿಯ ಉರುವಲಾಗಿದ್ದ ಸಿಪ್ಪೆಯಿಂದ ಈಗ ಕಾರಖಾನೆಗಳು ವಿದ್ಯುತ್ತನ್ನು ಮಾರುತ್ತವೆ, ಕಾಕಂಬಿಯಿಂದ ಎಥೆನಾಲ್ ತೆಗೆಯುತ್ತವೆ. ಕಸದಿಂದ ರಸ ತೆಗೆಯುವ ಹಂಚಿಕೆ ಇದು. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ನುರಿಸಿ ಗಾಣ ನಿಲ್ಲುತ್ತದೆ. ನೀರಿನ ಲೆಕ್ಕ ಕೇಳಿದರೆ, ಕಬ್ಬು ಕುಡಿಯುವ ನೀರಿನಲ್ಲಿ ಎಷ್ಟು ಎಕರೆ ಜೋಳ, ತೊಗರಿ, ಲಿಂಬೆ ಬದುಕೀತು ಎಂಬ ಪ್ರಶ್ನೆಯೂ ನಿಲ್ಲುತ್ತದೆ.

ಹೊಸ ಹಂಚಿಕೆಗಳಿಗೆ ನಮ್ಮ ಜನ ವಿರೋಧಿಗಳು ಎಂದು ಪಟ್ಟಣದಲ್ಲಿ ಕುಳಿತು ಹೇಳುವವರುಂಟು. ಇದು ಸರಿಯಲ್ಲ. ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ಆರಂಭವಾಯಿತು. ಅಂದಿನ ಮುಂಬಯಿ ಸರಕಾರ 1942ರಲ್ಲಿ ಭೂಸುಧಾರಣೆಯ ಕಾಯಿದೆ ಮಾಡಿದ ಮೇಲೆ ಹೊಲಗಳಿಗೆ ಒಡ್ಡು ಹಾಕುವ ಕೆಲಸ ಈ ಜಿಲ್ಲೆಯಲ್ಲಿ ಬಹಳ ನಡೆಯಿತು. ಮಳೆಗಾಲದಲ್ಲಿ ಹೊಲವನ್ನು ಚೌಕುಮಡಿ ಮಾಡಿ, ಬಿದ್ದ ಹನಿಯನ್ನು ಬಿದ್ದಲ್ಲಿಯೇ ಇಂಗಿಸಿ, ಆ ಹಸಿಯ ಮೇಲೆ ಹಿಂಗಾರಿ ಬಿತ್ತುವುದನ್ನು ರೈತರು ಒಪ್ಪಿಕೊಂಡರು, ಏಕೆಂದರೆ ಅದಕ್ಕೆ ಬೇಕಾದದ್ದು ಎತ್ತು ಮತ್ತು ಎರಡು ದಿನದ ಕೆಲಸ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ 35-1 ಜೋಳವನ್ನು ಇಂದಿಗೂ ಬಿಟ್ಟಿಲ್ಲ. 1964ರಲ್ಲಿ ದೇಶದ ಮೊದಲ ಸಂಕರ ಜೋಳ ಬಂದಿತು; ಆ ಸಾಲಿನ ತಳಿಗಳು ಮುಂಗಾರಿಯಲ್ಲಿ ಹಬ್ಬಿದರೂ ನಮ್ಮ ಹಿಂಗಾರಿಯನ್ನು ಗೆಲ್ಲಲಿಲ್ಲ. ಕಾಳನ್ನಷ್ಟೇ ತೂಗಿದವರಿಗೆ ಇದು ಮೌಢ್ಯವಾಗಿ ಕಂಡಿತು. ರೈತನ ತಕ್ಕಡಿಯಲ್ಲಿ ಕಾಳಿನೊಡನೆ ದನದ ಕಣಕಿ ಇತ್ತು, ಹರಿಯದೆ ಬಡಿಯಲು ಬರುವ ರೊಟ್ಟಿಯ ಹಿಟ್ಟಿತ್ತು, ಕಡಿಮೆ ಹಸಿಯಲ್ಲಿ ತಾಳುವ ಗುಣವಿತ್ತು. ಅವನ ಲೆಕ್ಕವೇ ಪೂರ್ತಿಯಾದ ಲೆಕ್ಕ. ನೆಟೆ ರೋಗವನ್ನು ತಡೆಯುವ ‘ಮಾರುತಿ’ ತೊಗರಿ 1980ರ ದಶಕದಲ್ಲಿ ಬಂದಾಗ ಅದನ್ನು ಬೇಗನೆ ಬಿತ್ತಿದವನೂ ಈ ರೈತನೇ. ಒಂದೇ ಬೆಳೆಯನ್ನು ನಂಬಿದವನು ಹೊಸದನ್ನು ಮಾಡಿ ಸೋತರೆ ವರ್ಷದ ಅನ್ನ ಹೋಗುತ್ತದೆ. ಅವನ ಹಿಂಜರಿಕೆ ಸೋಮಾರಿತನವಲ್ಲ, ಅನುಭವ.

ನಡುವಿನ ಮೆಟ್ಟಿಲು ಏಕೆ ಕಟ್ಟಲ್ಪಡಲಿಲ್ಲ? ಮೊದಲ ಕಾರಣ ನೀರು. ಕೃಷ್ಣೆ ಮಗ್ಗುಲಲ್ಲಿಯೇ ಹರಿದರೂ ಹೊಲಗಳು ನದಿಗಿಂತ ಎತ್ತರದಲ್ಲಿವೆ. ನೀರು ತಾನಾಗಿ ಏರುವುದಿಲ್ಲ. ಮುಳವಾಡ, ಚಿಮ್ಮಲಗಿಗಳ ಏತ ನೀರಾವರಿ ಅದಕ್ಕಾಗಿಯೇ ಬೇಕಾಯಿತು. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಸೀಮೆಯೇ ನೀರಿಗಾಗಿ ದಶಕಗಳ ಕಾಲ ಕಾಯಿತು. ಎರಡನೆಯದು ದಾರಿ. 1876ರ ಧಾತು ಸಂವತ್ಸರದ ಭೀಕರ ಬರದ ತರುವಾಯ 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲು ಹಾಕಿದರು. ಆ ಹಾದಿಯ ನಿಲ್ದಾಣಗಳ ಹೆಸರು ನೋಡಿರಿ: ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’. ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ ಎಂದು ಹೆಸರೇ ಹೇಳುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಆ ‘ರೋಡ್’ ಕೂಡ ಇಲ್ಲ. ಮೂರನೆಯದು ಬಂಡವಾಳ. ತೊಗರಿ ಕೊಯ್ದ ವಾರದಲ್ಲಿಯೇ ಸಾಲ ತೀರಿಸಬೇಕಾದವನು ಬೇಳೆ ಮಾಡುವ ತನಕ ಕಾಯಲಾರ. ಕಾಯಬಲ್ಲವನ ಕೈಗೆ ಲಾಭ ಸೇರುತ್ತದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅದೇ ಬುಟ್ಟಿ, ಅದೇ ಮಣ್ಣು. ಅಲ್ಲಿ ಪಗಾರ ಹೆಚ್ಚೇಕೆ? ವ್ಯಾಕರಣದ ಪ್ರಕಾರ ಉತ್ಪಾದಕತೆ ದುಡಿಯುವವನ ಗುಣವಾಗಬೇಕು. ಆದರೆ ಸಿಂದಗಿಯಲ್ಲಿ ಬಸ್ಸು ಹತ್ತಿ ಪುಣೆಯಲ್ಲಿ ಇಳಿಯುವ ಒಂದು ರಾತ್ರಿಯಲ್ಲಿ ಅವನ ತಂದೆಯ ತೋಳಿಗೆ ಹೊಸ ಬಲ ಬರಲಿಲ್ಲ, ತಲೆಗೆ ಹೊಸ ವಿದ್ಯೆ ಬರಲಿಲ್ಲ. ಅಲ್ಲಿ ಅವನ ಬುಟ್ಟಿಯ ಪಕ್ಕದಲ್ಲಿ ಯಂತ್ರವಿದೆ, ನಿಲ್ಲದ ಕೆಲಸವಿದೆ, ಕಟ್ಟಿದ ಮನೆಯನ್ನು ಕೊಳ್ಳುವವರಿದ್ದಾರೆ. ಬೇರೆ ಕಡೆ ಕೆಲಸ ಸಿಗುವುದರಿಂದ ಕೂಲಿಗೆ ಕರೆಯುವವನು ಹೆಚ್ಚು ಕೊಡಲೇಬೇಕಾಗುತ್ತದೆ. ಉತ್ಪಾದಕತೆ ಮನುಷ್ಯನೊಬ್ಬನ ಗುಣವಲ್ಲ. ಅವನ ಸುತ್ತಲೂ ಏನು ನಿಂತಿದೆ ಎಂಬುದರ ಗುಣ. ಈ ಒಂದು ಶಬ್ದದ ಮಟ್ಟಿಗೆ ವ್ಯಾಕರಣಕ್ಕಿಂತ ಗುಳೆಯೇ ದೊಡ್ಡ ಗುರು ಎಂದು ನಾನು ಒಪ್ಪಿಕೊಂಡಿದ್ದೇನೆ. ಹಾಗಾಗಿ ‘ನಮ್ಮವರು ದುಡಿಯುವುದಿಲ್ಲ’ ಎಂಬ ಮಾತನ್ನು ದಯವಿಟ್ಟು ಯಾರೂ ಆಡಬೇಡಿರಿ.

ಬೀಸುಕಲ್ಲಿಗೆ ಮರಳಿ ನನ್ನ ಮಾತನ್ನು ಮುಗಿಸುತ್ತೇನೆ. ಹಿಟ್ಟಿನ ಗಿರಣಿ ನಮ್ಮ ತಾಯಂದಿರ ಬೆಳಗಿನ ತಾಸುಗಳನ್ನು ಉಳಿಸಿಕೊಟ್ಟಿತು. ಉಳಿದ ಆ ಹೊತ್ತಿಗೆ ಊರಿನಲ್ಲಿ ಬೇರೊಂದು ಸಂಪಾದನೆಯ ಕೆಲಸ ಸಿಕ್ಕಿದ್ದರೆ ಮನೆಯ ಬದುಕು ಮೇಲೇರುತ್ತಿತ್ತು; ಸಿಗದ ಕಡೆ ಯಂತ್ರ ದಣಿವನ್ನು ತಗ್ಗಿಸಿತೇ ಹೊರತು ಬಡತನವನ್ನು ತಗ್ಗಿಸಲಿಲ್ಲ. ಹೊಸ ಹಂಚಿಕೆಯೊಂದು ಕೈಯನ್ನು ಬಿಡುವು ಮಾಡಿಸಿದರೆ ಸಾಲದು, ಬಿಡುವಾದ ಕೈಗೆ ಹತ್ತಿರದಲ್ಲಿಯೇ ಕೆಲಸವೂ ಹುಟ್ಟಬೇಕು. ಪಟ್ಟಣದ ಗೃಹಸ್ಥರಾದ ನೀವು ಬೇಳೆ, ಒಣದ್ರಾಕ್ಷಿ, ಉಪ್ಪಿನಕಾಯಿ ಕೊಳ್ಳುವಾಗ ಅದು ಎಲ್ಲಿ ತಯಾರಾಯಿತೆಂದು ಅಂಗಡಿಯವನನ್ನು ಕೇಳಿರಿ. ಕೂಡಿಟ್ಟ ಹಣವುಳ್ಳವರು ಸಹಕಾರಿ ಸಂಘದಲ್ಲಿಯೋ, ನಾಲ್ವರು ಕೂಡಿ ಹಾಕುವ ಸಣ್ಣ ಗಿರಣಿಯಲ್ಲಿಯೋ ತೊಡಗಿಸಬಹುದೇ ಎಂದು ಯೋಚಿಸಿರಿ. ಪ್ರಸ್ತಾರ ಹಾಕುವ ಆ ಹುಡುಗನಂಥವರ ಹೆಸರಿನ ಮುಂದೆ ಮಾಘಮಾಸದಲ್ಲಿಯೂ ಹಾಜರಿಯ ಗುರುತು ಬೀಳುವ ವರ್ಷ, ನಮ್ಮ ಸೀಮೆಯ ಉತ್ಪಾದಕತೆ ಏರಿತೆಂದು ನಾನು ಯಾವ ಸಮಿತಿಯ ವರದಿಗೂ ಕಾಯದೆ ತಿಳಿದುಕೊಳ್ಳುವೆನು.